ರೋಜಾಪ್ಪೂ ಸಿಸ್ ಸಲಹೆಯ ಮೇರೆಗೆ

ಚೆನ್ನೈಯ ಪೆರಂಬೂರಿನ ನಮ್ಮ ಹೋಟೆಲಿನಲ್ಲಿ ಪಾರ್ಸೆಲ್ ಕೌಂಟರಿನ ಮೇಲೆ ಒಂದು ಮೊಳೆ ಇದೆ. ಅಪ್ಪ ಹೊಡೆಸಿದ್ದು. ಮೊದಲು ಅದರಲ್ಲಿ ಒಂದು ತಗಡಿನ ಡಬ್ಬಿ ನೇತಾಡುತ್ತಿತ್ತು. ಡಬ್ಬಿಯೊಳಗೆ ನೂಲಿನ ಉಂಡೆ. ಅದರ ತುದಿ ತೂತಿನಿಂದ ಇಳಿದು, ಪಾರ್ಸೆಲ್ ಕಟ್ಟುವವರ ಕೈಗೆ ಸಿಗುವ ಹಾಗೆ ಜೋಲುತ್ತಿತ್ತು. ಈಗ ಅದೇ ಮೊಳೆಯಲ್ಲಿ ಮೊಬೈಲ್ ಚಾರ್ಜರಿನ ವಯರು ಜೋಲುತ್ತದೆ. ಮೊನ್ನೆ ಅದನ್ನು ಕಂಡು ಯಾಕೋ ಮನಸ್ಸು ತಡೆಯದೆ ತಮ್ಮ ರಾಘುವಿಗೆ, "ಅಪ್ಪನ ಮೊಳೆಗೆ ಎಂಥ ಗತಿ ಬಂತು ನೋಡು ಮಾರಾಯ" ಎಂದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅವನು ತನ್ನ ಮೊಬೈಲಿನಿಂದ ತಲೆ ಎತ್ತದೆ, "ಮೊಳೆಗೆ ಎಂತ ಆಗಿದೆ ಅಕ್ಕ? ಗಟ್ಟಿ ಉಂಟಲ್ಲ" ಎಂದ. ನಾನು ಕಾಫಿ ಕುಡಿದು ಮೇಲೆ ಬಂದೆ.

ಮೇಲೆ ಎಂದರೆ ಹೋಟೆಲಿನ ಮಾಳಿಗೆ. ನಾವೆಲ್ಲ ಇರುವುದು ಅಲ್ಲಿಯೇ: ರಾಘು, ಅವನ ಹೆಂಡತಿ ಶೈಲ, ಅವರ ಒಬ್ಬಳೇ ಮಗಳು ಸಿಂಧು, ಮತ್ತು ಮದುವೆ ಎಂಬ ತಾಪತ್ರಯಕ್ಕೆ ಸಿಗದೆ ಎಗ್ಮೋರಿನ ಒಂದು ಆಫೀಸಿನಲ್ಲಿ ಫೈಲು ತಿರುಗಿಸಿ ರಿಟೈರಾದ ನಾನು. ನಮ್ಮ ಮನೆಯಲ್ಲಿ ಈಗ ಎಲ್ಲರೂ ತಲೆ ತಗ್ಗಿಸಿಯೇ ಇರುತ್ತಾರೆ. ವಿನಯದಿಂದ ಎಂದು ನೀವು ತಿಳಿದುಕೊಂಡಿದ್ದರೆ ನಿಮ್ಮಷ್ಟು ಒಳ್ಳೆಯವರು ಬೇರೆ ಇಲ್ಲ. ಎಲ್ಲರ ಅಂಗೈಯಲ್ಲೂ ಒಂದೊಂದು ಮೊಬೈಲು. ನಾನೊಬ್ಬಳೇ ತಲೆ ಎತ್ತಿ ನಡೆಯುತ್ತಿದ್ದೆ. ಆದರೆ ಕುತ್ತಿಗೆ ನೋವು ಇರುವುದೂ ಈ ಮನೆಯಲ್ಲಿ ನನಗೊಬ್ಬಳಿಗೇ. ದೇವರು ದೊಡ್ಡವನು.

ನೂಲಿನ ಉಂಡೆಯ ಮಾತಿಗೆ ಬರುತ್ತೇನೆ. ಆಗ ಪಾರ್ಸೆಲ್ ಎಂದರೆ ಒಳಗೆ ಬಾಳೆ ಎಲೆ, ಹೊರಗೆ ಹಳೆ ಪೇಪರು, ಮೇಲೆ ನೂಲು. ಹಳೆ ಪೇಪರನ್ನು ಅಪ್ಪ ಕೊಳ್ಳುತ್ತಿದ್ದುದು ಮದರಾಸಿನಲ್ಲಿದ್ದ ಕನ್ನಡದವರ ಮನೆಗಳಿಂದ. ಭಾಷಾಭಿಮಾನ ಎಂದುಕೊಳ್ಳಬೇಡಿ, ಅವರು ತೂಕದಲ್ಲಿ ಜಗಳ ಮಾಡುತ್ತಿರಲಿಲ್ಲ. ಹಾಗಾಗಿ ರೈಲ್ವೆ ಕಾರ್ಖಾನೆಯ ಕೆಲಸಗಾರರು, ತಮಗೆ ಒಂದಕ್ಷರವೂ ಓದಲು ಬಾರದ ಕನ್ನಡ ವಾರಪತ್ರಿಕೆಗಳಲ್ಲಿ ಸುತ್ತಿದ ಮೆದುವಡೆಯನ್ನು ತಿಂದು, ಅದರಲ್ಲೇ ಕೈ ಒರೆಸಿಕೊಳ್ಳುತ್ತಿದ್ದರು. ಕನ್ನಡ ಸಾಹಿತ್ಯ ತಮಿಳುನಾಡಿನಲ್ಲಿ ಅಷ್ಟು ವ್ಯಾಪಕವಾಗಿ ಹಬ್ಬಿದ ಕಾಲ ಅದರ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಶಾಲೆಯಲ್ಲಿ ನನಗೆ ತಮಿಳು. ಕನ್ನಡ ಓದಲು ಕಲಿತದ್ದು ಆ ಕೌಂಟರಿನ ಕೆಳಗೆ, ಪೇಪರಿನ ರಾಶಿಯ ಪಕ್ಕ ಕೂತು. ಅಪ್ಪ ನೂಲು ಎಳೆಯುತ್ತಾ ಎಳೆಯುತ್ತಾ ಅಕ್ಷರ ಹೇಳಿಕೊಡುತ್ತಿದ್ದರು. ಓದಲು ಬಂದದ್ದೇ ತಡ, ನಾನು ಧಾರಾವಾಹಿಗಳಿಗೆ ಬಿದ್ದೆ. 'ಅವಳು ನಡುಗುವ ಕೈಯಿಂದ ಬಾಗಿಲು ತೆರೆದಳು. ಎದುರಿಗೆ ನಿಂತಿದ್ದವನನ್ನು ಕಂಡು' ಎನ್ನುವಷ್ಟರಲ್ಲಿ ಪುಟ ಮುಗಿಯುತ್ತಿತ್ತು. ಮುಂದಿನ ಪುಟ ಆಗಷ್ಟೇ ಎರಡು ವಡೆಯನ್ನು ಹೊತ್ತುಕೊಂಡು ಅಯನಾವರದ ಕಡೆ ಹೋಗಿರುತ್ತಿತ್ತು. "ಅಪ್ಪ, ಆ ಪೇಪರು ಬೇಡ, ಬೇರೆದ್ರಲ್ಲಿ ಕಟ್ಟಿ" ಎಂದು ನಾನು ಅತ್ತರೆ ಅಪ್ಪ, "ಗಿರಾಕಿ ಕಾಯ್ತಾ ಇದ್ದಾರೆ. ನಿನ್ನ ನಾಯಕಿ ಸ್ವಲ್ಪ ನಿಂತುಕೊಳ್ಳಲಿ" ಎನ್ನುತ್ತಿದ್ದರು. ಪಾಪ, ಅವಳು ಈಗಲೂ ಬಾಗಿಲಲ್ಲಿಯೇ ನಿಂತಿದ್ದಾಳೆ. ಎದುರಿಗೆ ಬಂದವನು ಯಾರೆಂದು ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

ಇದರಿಂದ ನನಗೆ ಅಂಟಿದ ಒಂದು ಚಾಳಿ ಎಂದರೆ, ಯಾರ ಕೈಯಲ್ಲಿ ಏನು ಕಂಡರೂ ಹಿಂದಿನಿಂದ ಕತ್ತು ಚಾಚಿ ಓದುವುದು. ಬಸ್ಸಿನಲ್ಲಿ ಪಕ್ಕದವರ ಪೇಪರು, ಬ್ಯಾಂಕಿನಲ್ಲಿ ಮುಂದಿನವರ ಪಾಸ್‌ಬುಕ್ಕು, ಮದುವೆ ಮನೆಯಲ್ಲಿ ಇನ್ನೊಬ್ಬರ ಮುಯ್ಯಿಯ ಕವರು, ಯಾವುದನ್ನೂ ಬಿಟ್ಟವಳಲ್ಲ. ಜನ ಇದಕ್ಕೆ ಮೂಗು ತೂರಿಸುವುದು ಎನ್ನುತ್ತಾರೆ. ನಾನು ಓದುವ ಹವ್ಯಾಸ ಎನ್ನುತ್ತೇನೆ.

ಈ ಹವ್ಯಾಸದ ಬಲದಿಂದಲೇ ನಾನು ನಮ್ಮ ಕನ್ನಡ ಸಂಘದ ಕಮಿಟಿಯಲ್ಲಿದ್ದೇನೆ. ಪ್ರತಿವರ್ಷ ನವೆಂಬರಿನಲ್ಲಿ 'ಇಂದಿನ ಯುವಜನರು ಓದುವುದಿಲ್ಲ' ಎಂಬ ವಿಷಯದ ಮೇಲೆ ಭಾಷಣ ಮಾಡುತ್ತೇನೆ. ಭಾಷಣ ಪ್ರತಿವರ್ಷ ಒಂದೇ, ಸೀರೆ ಮಾತ್ರ ಬೇರೆ. ಮುಂದಿನ ಸಾಲಿನಲ್ಲಿ ಕೂತ ನನ್ನ ವಯಸ್ಸಿನವರು ನಿಟ್ಟುಸಿರು ಬಿಟ್ಟು ಚಪ್ಪಾಳೆ ತಟ್ಟುತ್ತಾರೆ. ಹಿಂದಿನ ಸಾಲಿನಲ್ಲಿ ಮಕ್ಕಳು ತಲೆ ತಗ್ಗಿಸಿ ಮೊಬೈಲು ನೋಡುತ್ತಿರುತ್ತಾರೆ. ಅವರನ್ನು ಬೆರಳಿಟ್ಟು ತೋರಿಸಿ, "ನೋಡಿ, ಇದೇ ನಾನು ಹೇಳಿದ್ದು" ಎಂದು ಭಾಷಣ ಮುಗಿಸುತ್ತೇನೆ. ಆ ಹೊತ್ತಿಗೆ ಆ ಸಭೆಯಲ್ಲಿ ಓದುತ್ತಿದ್ದವರು ಅವರು ಮಾತ್ರ ಎಂಬುದು ಆಮೇಲೆ ಗೊತ್ತಾಯಿತು. ನನ್ನ ಭಾಷಣಕ್ಕೆ ಅದರಿಂದ ಏನೂ ತೊಂದರೆಯಾಗಲಿಲ್ಲ.

ಸಿಂಧುವಿನ ವಿಷಯ ಹೇಳಬೇಕು. ತಾಂಬರಂನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ ಅವಳಿಗೆ. ದಿನಾ ಲೋಕಲ್ ರೈಲು. ಕನ್ನಡದಲ್ಲಿ ಬೈದರೂ ಹೊಗಳಿದರೂ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಇಂಥ ಹುಡುಗಿ ನನ್ನ ಕೈಗೆ ಸಿಕ್ಕಿದ್ದು ಸಿಗ್ನಲ್ಲಿನ ಕೃಪೆಯಿಂದ. ಅಪ್ಪ ಕಟ್ಟಿಸಿದ ದಪ್ಪ ಗೋಡೆಗಳೊಳಗೆ ಮೊಬೈಲಿಗೆ ಉಸಿರಾಡಲಿಕ್ಕಾಗುವುದಿಲ್ಲ. ಇಡೀ ಮಾಳಿಗೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ನನ್ನ ರೂಮಿನ ಕಿಟಕಿಯ ಹತ್ತಿರ ಮಾತ್ರ. ಕಿಟಕಿಯ ಪಕ್ಕ ನನ್ನ ಈಸಿಚೇರು. ಅವಳು ಬಂದು, "ಅತ್ತೆ, ಪ್ಲೀಸ್, ಅಂಜೇ ನಿಮಿಷಂ" ಎಂದು ಐದು ನಿಮಿಷಕ್ಕೆ ಅಂಗಲಾಚಿದ ದಿನವೇ ನಾನು ಸುಂಕ ಹಾಕಿದೆ. ಈ ಕುರ್ಚಿಯಲ್ಲಿ ಕೂತಷ್ಟು ಹೊತ್ತು ಕನ್ನಡವೇ ಮಾತಾಡಬೇಕು, ಏಳುವ ಮೊದಲು ಸಂಘದ ಪತ್ರಿಕೆಯಿಂದ ಒಂದು ಪ್ಯಾರಾ ಗಟ್ಟಿಯಾಗಿ ಓದಬೇಕು. "ಇದು ಬ್ಲ್ಯಾಕ್‌ಮೇಲ್ ಅತ್ತೆ" ಎಂದಳು. "ಅದನ್ನೇ ಕನ್ನಡದಲ್ಲಿ ಹೇಳು" ಎಂದೆ. ಹೀಗೆ ಬೈಯುತ್ತಾ ಬೈಯುತ್ತಾ ಹುಡುಗಿ ಓದಲು ಬರೆಯಲು ಕಲಿತಳು. ಸಂಘದ ಕನ್ನಡ ತರಗತಿಗಳಿಂದ ಆಗದ ಕೆಲಸ ಅದು.

ಅಲ್ಲಿ ಕೂತು ಅವಳು ಎರಡು ಹೆಬ್ಬೆರಳಿನಿಂದ ಟಪಟಪ ಏನೋ ಒತ್ತುವುದು, ತನ್ನಷ್ಟಕ್ಕೇ ನಗುವುದು, ಕೆಲವೊಮ್ಮೆ ಕಣ್ಣು ಒರೆಸಿಕೊಳ್ಳುವುದು. ನಾನು ಕತ್ತು ಚಾಚಿದರೆ ತಕ್ಷಣ ಮೊಬೈಲು ಕವುಚಿ ಹಾಕುವುದು. ಇಷ್ಟು ಸಾಲದೇ? ಶೈಲ ಬಂದು ಪಿಸುಗುಟ್ಟಿದಳು: "ಅಕ್ಕ, ಯಾರೋ ಹುಡುಗ ಇದ್ದಾನೆ." ರಾಘುವಿಗೆ ಎದೆ ಡವಡವ. ಹುಡುಗಿ ಕೈ ಮೀರುವ ಮೊದಲು ಸಂಬಂಧ ನೋಡಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅವಳನ್ನು ಕೇಳಬಹುದಿತ್ತಲ್ಲ ಎಂದು ನೀವು ಹೇಳಬಹುದು. ಹೆಣ್ಣುಮಕ್ಕಳ ಮದುವೆಯಲ್ಲಿ ಅವರನ್ನು ಕೇಳುವಷ್ಟು ನಾವಿನ್ನೂ ಕೆಟ್ಟಿಲ್ಲ.

ಸಂಬಂಧ ಬಂತು. ತಾಂಬರಂನಲ್ಲೇ ಹೋಟೆಲು ಇಟ್ಟ ನಮ್ಮ ಊರ ಕಡೆಯವರು. ಜಾತಕ ಕೂಡಿತ್ತು, ಹುಡುಗ ಬಂದು ಹುಡುಗಿಯನ್ನು ನೋಡಿ ಹೋಗಿದ್ದ, ಇನ್ನು ನಾವು ಅವರ ಮನೆ ನೋಡಿ ಬರುವುದು ಬಾಕಿ. ಸಿಂಧುವನ್ನೂ ಕರೆದುಕೊಂಡು ಎಲ್ಲರೂ ಹೋದೆವು. ಸೋಫಾದಲ್ಲಿ ಸಾಲಾಗಿ ಕೂತೆವು. ಹುಡುಗನ ತಾಯಿ ದೊಡ್ಡ ತಟ್ಟೆಯಲ್ಲಿ ಗೋಳಿಬಜೆ ತಂದರು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಹೋಟೆಲಿನವರು ಬೇರೆಯವರ ಮನೆಯ ತಿಂಡಿಯನ್ನು ತಿನ್ನುವುದಿಲ್ಲ, ಪರೀಕ್ಷೆ ಮಾಡುತ್ತಾರೆ. ಇಡ್ಲಿ ಕಂಡರೆ ಹೆಬ್ಬೆರಳಲ್ಲಿ ಒತ್ತಬೇಕು, ಕರಿದದ್ದು ಕಂಡರೆ ಮುರಿದು ಮೂಗಿಗೆ ಹಿಡಿಯಬೇಕು. ಅಪ್ಪ ನಮಗೆ ಕಲಿಸಿದ್ದೇ ಹಾಗೆ. ಬಾಣಲೆಯ ಹತ್ತಿರ ನಿಲ್ಲಿಸಿ, ಕಣ್ಣು ಮುಚ್ಚಿಸಿ, "ಎಣ್ಣೆ ಇವತ್ತಿಂದಾ, ನಿನ್ನೆದಾ?" ಎಂದು ಕೇಳುತ್ತಿದ್ದರು. ತಪ್ಪು ಹೇಳಿದರೆ ಅವತ್ತು ಬಜೆ ಇಲ್ಲ. ಸಿಂಧು ಚಿಕ್ಕವಳಿದ್ದಾಗ ನಾನೂ ಅವಳನ್ನು ಎತ್ತಿಕೊಂಡು ಹೋಗಿ ಇದೇ ಆಟ ಆಡಿಸಿದ್ದೇನೆ. ಅವಳು ಯಾವ ಎಣ್ಣೆಗೂ "ಇವತ್ತಿಂದು" ಎಂದು ಹೇಳಿ ಬಜೆಗೆ ಕೈ ಚಾಚುತ್ತಿದ್ದಳು. ಈ ವಿದ್ಯೆ ಇವಳಿಗೆ ಹತ್ತುವುದಿಲ್ಲವೆಂದು ನಾನು ಕೈಬಿಟ್ಟೆ.

ತಾಂಬರಂನ ಸೋಫಾದಲ್ಲಿ ಸಿಂಧು ಒಂದು ಬಜೆ ಎತ್ತಿ, ಸ್ವಲ್ಪ ಕಚ್ಚಿ, ಹಾಗೆಯೇ ತಟ್ಟೆಯಲ್ಲಿ ಇಟ್ಟಳು. ಹುಡುಗಿಗೆ ನಾಚಿಕೆ ಎಂದು ಹುಡುಗನ ತಾಯಿ ಸಂತೋಷಪಟ್ಟರು. ನಾನೂ ಒಂದು ಎತ್ತಿದೆ. ಒತ್ತಿದೆ, ಮುರಿದೆ, ಮೂಗಿಗೆ ಹಿಡಿದೆ. ದೇವರಾಣೆ, ನನಗೆ ಮಾತಾಡುವ ಉದ್ದೇಶವೇ ಇರಲಿಲ್ಲ. ಬಾಯಿ ತಾನಾಗಿ ಹೇಳಿತು: "ಎಣ್ಣೆ ನಿನ್ನೆದು."

ಬೇರೆಯವರ ಮನೆಯಾಗಿದ್ದರೆ ನಕ್ಕು ಬಿಡುತ್ತಿದ್ದರೋ ಏನೋ. ಹೋಟೆಲಿನವರಿಗೆ ಆ ಮಾತು ಹೇಳುವುದೂ ಒಂದೇ, ಕಪಾಳಕ್ಕೆ ಹೊಡೆಯುವುದೂ ಒಂದೇ. ಹುಡುಗನ ತಾಯಿ ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಒಳಗೆ ಹೋದರು. ಒಂದು ವಾರದ ಮೇಲೆ, ಮೊದಲೇ ಕೂಡಿದ್ದ ಜಾತಕ ಇದ್ದಕ್ಕಿದ್ದಂತೆ ಕೂಡುವುದಿಲ್ಲವೆಂದು ಹೇಳಿ ಕಳಿಸಿದರು.

ರಾಘು ನನ್ನೊಡನೆ ಮಾತು ಬಿಟ್ಟ. ಶೈಲ ಮಾತಾಡಿದಳು, ಪಾತ್ರೆಗಳ ಮೂಲಕ. ಸಿಂಧು ಅವತ್ತಿನಿಂದ ನನ್ನ ಕಿಟಕಿಗೆ ಬರುವುದನ್ನು ನಿಲ್ಲಿಸಿದಳು. ಮೆಟ್ಟಿಲ ಮೇಲೆ, ಸಿಗ್ನಲ್ ಬಂದಂತೆ ಮಾಡಿ ಹೋಗುವ ಜಾಗದಲ್ಲಿ, ಮೊಬೈಲು ಎತ್ತಿ ಹಿಡಿದುಕೊಂಡು ಕೂರುತ್ತಿದ್ದಳು. ಆ ಹುಡುಗ ಅವಳಿಗೆ ಹಿಡಿಸಿದ್ದನೇ ಎಂದು ನಾನು ಕೇಳಲಿಲ್ಲ. ಕೇಳಿ, ಅವಳು ಹೌದು ಎಂದುಬಿಟ್ಟರೆ? ಊರೆಲ್ಲರ ಪಾಸ್‌ಬುಕ್ಕು ಓದುವ ನನಗೆ ಆ ಒಂದು ಪ್ರಶ್ನೆ ಕೇಳುವ ಧೈರ್ಯ ಬರಲಿಲ್ಲ. ಈಸಿಚೇರಿನಲ್ಲಿ ಒಬ್ಬಳೇ ಕೂತು, ಯಾರಿಗೂ ಬೇಡದ ಪೂರ್ತಿ ಸಿಗ್ನಲ್ಲನ್ನು ಅನುಭವಿಸಿದೆ.

ಇಂಥ ಹೊತ್ತಿನಲ್ಲಿ ನನ್ನ ಹಲ್ಲು ನೋಯಬೇಕೇ! ನಮ್ಮ ಕಡೆಯ ಹಲ್ಲಿನ ಡಾಕ್ಟರು ಇರುವುದೂ ತಾಂಬರಂನಲ್ಲೇ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೂತು ಹೋಗುತ್ತಿದ್ದೆ. ಪಕ್ಕದಲ್ಲಿ ಒಂದು ಕಾಲೇಜು ಹುಡುಗಿ ಮೊಬೈಲಿನಲ್ಲಿ ಮುಳುಗಿದ್ದಳು. ಅಭ್ಯಾಸಬಲದಿಂದ ನನ್ನ ಕತ್ತು ಚಾಚಿತು. ತಮಿಳು ಕಥೆ! 'ಅವನು ಅವಳ ಕೈ ಹಿಡಿದು ಗೋಡೆಗೆ' ಎನ್ನುವಷ್ಟರಲ್ಲಿ ಹುಡುಗಿ ಬೆರಳಿನಿಂದ ಪುಟ ಸರಿಸಿಬಿಟ್ಟಳು. ನಾನು ತಡೆಯಲಾರದೆ, "ಕೊಂಜಂ ಇರುಮ್ಮಾ, ನಾನ್ ಇನ್ನುಂ ಪಡಿಕ್ಕಲೆ" ಎಂದೆ. ಸ್ವಲ್ಪ ತಾಳು ತಾಯಿ, ನಾನಿನ್ನೂ ಓದಿಲ್ಲ ಎಂದು. ಹುಡುಗಿ ನನ್ನನ್ನು ಮೇಲೆ ಕೆಳಗೆ ನೋಡಿದಳು. ಬೈಯುತ್ತಾಳೆಂದುಕೊಂಡೆ. ಅವಳು ನನ್ನ ಮೊಬೈಲನ್ನೇ ಕೇಳಿ ತೆಗೆದುಕೊಂಡು, ಆ ಕಥೆಗಳ ಆಪ್ ಅನ್ನು ಅದರಲ್ಲಿ ಹಾಕಿಕೊಟ್ಟಳು. ಹೆಸರು ಏನಿಡಲಿ ಆಂಟಿ, ನಿಜವಾದ ಹೆಸರು ಯಾರೂ ಇಡುವುದಿಲ್ಲ ಎಂದಳು. ಅವಳ ಜಡೆಯಲ್ಲಿ ಗುಲಾಬಿ ಇತ್ತು. ರೋಜಾಪ್ಪೂ ಎಂದೆ. ಹೀಗೆ ಅರವತ್ತು ದಾಟಿದ ಮೇಲೆ ನಾನು ಗುಲಾಬಿ ಹೂವಾದೆ.

ಆ ಆಪ್‌ನೊಳಗೆ ಹೋಗಿ ನೋಡುತ್ತೇನೆ, ಅಬ್ಬಾ, ಕಥೆಗಳ ಸಂತೆ! ಎಲ್ಲವನ್ನೂ ಬರೆದವರು ರೈಲಿನಲ್ಲಿ, ಹಾಸ್ಟೆಲಿನಲ್ಲಿ, ಬಾತ್‌ರೂಮಿನಲ್ಲಿ ಕೂತ ಮಕ್ಕಳು. ನಾಯಕ ಎಂದರೆ ಕೋಟ್ಯಧೀಶ. ಅವನಿಗೆ ಮಾಡಲು ಕೆಲಸವೇ ಇಲ್ಲ, ಬರೀ ಸಿಟ್ಟು. ನಾಯಕಿ ಎಂದರೆ ಬಡವಿ. ಮಾತುಮಾತಿಗೆ ತುಟಿ ಕಚ್ಚುತ್ತಾಳೆ. ಇಷ್ಟೊಂದು ಕಚ್ಚಿದರೆ ಹಲ್ಲಿನ ಡಾಕ್ಟರನ್ನು ಕಾಣಬೇಕಾಗುತ್ತದೆ ಎಂದು ನನಗೆ ಗಾಬರಿ. ಪ್ರತಿ ಕಂತಿನ ಕೊನೆಗೆ ಬಾಗಿಲು ತೆರೆಯುತ್ತದೆ, ಎದುರಿಗೆ ಯಾರೋ ನಿಂತಿರುತ್ತಾರೆ, ಕಂತು ಮುಗಿಯುತ್ತದೆ. ಅದರ ಕೆಳಗೆ ಬರೆದವರ ಅಳಲು: ಸೈಲೆಂಟ್ ರೀಡರ್ಸ್, ದಯವಿಟ್ಟು ಕಮೆಂಟ್ ಮಾಡಿ. ಅದರ ಕೆಳಗೆ, ಸಿಸ್ಟರನ್ನು ಸಿಸ್ ಎಂದು ಮೊಟಕು ಮಾಡಿದ ಓದುಗರ ವಿಮರ್ಶೆ: ಸೂಪರ್ ಸಿಸ್, ವೇಟಿಂಗ್ ಸಿಸ್, ಹನ್ನೆರಡು ಹೃದಯ, ನಾಲ್ಕು ಬೆಂಕಿ. ಸಂಘದ ಪತ್ರಿಕೆಯ ವಿಮರ್ಶೆಗಿಂತ ಇದು ಎಷ್ಟೋ ಸ್ಪಷ್ಟ. ಛೀ ಎಂದು ಮುಚ್ಚಿದೆ. ಎಗ್ಮೋರು ಬರುವಷ್ಟರಲ್ಲಿ ಮತ್ತೆ ತೆರೆದೆ. ಡಾಕ್ಟರ ಕುರ್ಚಿಯಲ್ಲಿ ಬಾಯಿ ಅಗಲಿಸಿಕೊಂಡು ಕೂತಾಗಲೂ ಓದುತ್ತಿದ್ದೆ.

ಒಂದು ಕಥೆ ಮಾತ್ರ ನನ್ನನ್ನು ಹಿಡಿದು ಹಾಕಿತು. ಹೆಸರು 'ಎನ್ ಜನ್ನಲ್ ಎಂಗೇ', ನನ್ನ ಕಿಟಕಿ ಎಲ್ಲಿ ಎಂದು. ಬರೆದವಳ ಹೆಸರು ಈರಕ್ಕಾಟ್ರು, ಎಂದರೆ ಒದ್ದೆ ಗಾಳಿ. ಚೆನ್ನೈಯಲ್ಲಿ ಯಾವತ್ತು ಬೀಸಿದ್ದೋ ನಾನು ಕಾಣೆ. ಕಥೆಯಲ್ಲಿ ಕಾಂಚೀಪುರದ ಒಂದು ಸೀರೆ ಅಂಗಡಿಯವರ ಮನೆ. ನಾಯಕಿಗೆ ಕೂತು ಕನಸು ಕಾಣಲು ಆ ಮನೆಯಲ್ಲಿ ಇರುವುದು ಒಂದೇ ಕಿಟಕಿ. ಅದರ ಎದುರಿಗೆ ಅವಳ ಅತ್ತೈ, ಅಂದರೆ ಸೋದರತ್ತೆ, ಬೆಳಗಿನಿಂದ ಸಂಜೆಯವರೆಗೆ ಬೇರು ಬಿಟ್ಟು ಕೂತಿರುತ್ತಾಳೆ. ಹುಡುಗಿ ಕೂರಬೇಕಾದರೆ ಮೊದಲು ತಿರುಪ್ಪಾವೈಯ ಭಕ್ತಿಗೀತೆ ಹಾಡಿ ಒಪ್ಪಿಸಬೇಕು. ಎಂಥಾ ಹೆಂಗಸು! ಓದುತ್ತಾ ಓದುತ್ತಾ ನನಗೆ ಮೈಯೆಲ್ಲ ಉರಿಯಿತು. ಚಿಕ್ಕ ಹುಡುಗಿಗೆ ಒಂದು ಕಿಟಕಿ ಬಿಟ್ಟುಕೊಡಲಾರದ ಈ ಮುದುಕಿಯ ಗಂಟಲಲ್ಲಿ ಅನ್ನವಾದರೂ ಹೇಗೆ ಇಳಿಯುತ್ತದೆ?

ನಾನು ಸೈಲೆಂಟ್ ರೀಡರ್ ಆಗಿ ಉಳಿಯಲಿಲ್ಲ. ಮೊದಮೊದಲು ಅಡುಗೆಯ ವಿಷಯಕ್ಕೆ ತಿದ್ದುತ್ತಿದ್ದೆ. ಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಿದರೆ ಬೇಳೆ ಬೇಯುವುದಿಲ್ಲ ಸಿಸ್, ಮೂರನೇ ಕಂತು ತಿದ್ದಿ, ಎಂದು. ಒದ್ದೆ ಗಾಳಿ ತಕ್ಷಣ, "ನನ್ರಿ ರೋಜಾಪ್ಪೂ ಸಿಸ್" ಎಂದು ಧನ್ಯವಾದ ಹೇಳಿ ತಿದ್ದಿಬಿಟ್ಟಳು. ಇದುವರೆಗೆ ನಮ್ಮ ಹೋಟೆಲಿನ ಅಡುಗೆ ಭಟ್ಟರೇ ನನ್ನ ಮಾತು ಕೇಳಿದವರಲ್ಲ! ನನಗೆ ಕೊಂಬು ಬಂತು. ಅತ್ತೈ ನಾಯಕಿಯ ಕೈಯಿಂದ ಕುರ್ಚಿ ಕಿತ್ತುಕೊಂಡ ಕಂತಿನ ಕೆಳಗೆ ಬರೆದೆ: ಈ ಹೆಂಗಸನ್ನು ಮೊದಲು ಎಗ್ಮೋರಿನಲ್ಲಿ ರೈಲು ಹತ್ತಿಸಿ. ರಾಮೇಶ್ವರಕ್ಕೆ. ಒನ್‌ವೇ ಟಿಕೆಟ್.

ಏನು ಹೇಳಲಿ! ಮರುದಿನ ನೋಡಿದರೆ ಅದಕ್ಕೆ ಬಿದ್ದ ಹೃದಯಗಳೇನು, ಬೆಂಕಿಗಳೇನು. ರೋಜಾಪ್ಪೂ ಸಿಸ್ ಮಾಸ್, ರೋಜಾಪ್ಪೂ ಸಿಸ್ ಹೇಳಿದ್ದೇ ಸರಿ. ಎಲ್ಲರದೂ ಒಂದೇ ಕೂಗು, ಅತ್ತೈಯನ್ನು ರಾಮೇಶ್ವರಕ್ಕೆ ಕಳಿಸಿ. ಇಷ್ಟು ವರ್ಷ ಸಂಘದಲ್ಲಿ ಭಾಷಣ ಮಾಡಿದರೂ ನನಗೆ ಇಷ್ಟು ಅಭಿಮಾನಿಗಳು ಹುಟ್ಟಿರಲಿಲ್ಲ. ಅವತ್ತು ಎರಡು ಕಾಫಿ ಜಾಸ್ತಿ ಕುಡಿದೆ.

ಮುಂದಿನ ಕಂತು ಬಂತು. ನಾಯಕಿಗೆ ಸಂಬಂಧ ಗೊತ್ತುಮಾಡಿದ್ದಾರೆ, ಎಲ್ಲರೂ ಗಂಡಿನ ಮನೆ ನೋಡಲು ಹೋಗಿದ್ದಾರೆ. ತಟ್ಟೆಯಲ್ಲಿ ಬಜ್ಜಿ ಬಂತು. ಅತ್ತೈ ಒಂದು ಬಜ್ಜಿ ಎತ್ತಿದಳು. ಒತ್ತಿದಳು. ಮುರಿದಳು. ಮೂಗಿಗೆ ಹಿಡಿದಳು. "ಇದು ನೇತ್ತು ಎಣ್ಣೈ" ಎಂದಳು. ನಿನ್ನೆಯ ಎಣ್ಣೆ ಎಂದು.

ಮೊಬೈಲು ಕೈಯಿಂದ ಜಾರಿ ಮಡಿಲಿಗೆ ಬಿತ್ತು. ಸೀರೆ ಅಂಗಡಿಯವಳಿಗೆ ಎಣ್ಣೆಯ ಉಸಾಬರಿ ಯಾಕೆ? ಕಾಂಚೀಪುರದ ಯಾವ ಅತ್ತೈ ಗಂಡಿನ ಮನೆಯಲ್ಲಿ ಬಜ್ಜಿಯನ್ನು ಮೂಸುತ್ತಾಳೆ? ಭೂಲೋಕದಲ್ಲಿ ಈ ಮಾತು ಹೇಳುವ ಹೆಂಗಸು ಒಬ್ಬಳೇ, ಮತ್ತು ಅವಳು ಆ ಹೊತ್ತಿಗೆ ಕಿಟಕಿಯ ಎದುರಿಗೆ ಬೇರು ಬಿಟ್ಟು ಕೂತಿದ್ದಳು. ಕಿಟಕಿ, ಕುರ್ಚಿ, ತಿರುಪ್ಪಾವೈ, ಎಲ್ಲವೂ ಒಂದೊಂದಾಗಿ ತಲೆಗೆ ಇಳಿಯಿತು. ಒದ್ದೆ ಗಾಳಿ ಬೀಸುತ್ತಿದ್ದುದು ನಮ್ಮದೇ ಮೆಟ್ಟಿಲಿನಿಂದ. ಹುಡುಗಿ ನಕ್ಕದ್ದು, ಅತ್ತದ್ದು, ಯಾವ ಹುಡುಗನಿಗಾಗಿಯೂ ಅಲ್ಲ. ಅವಳು ಕಥೆ ಬರೆಯುತ್ತಿದ್ದಳು. ನಾವು ಅದಕ್ಕೆ ಮದುವೆಯ ಔಷಧ ಕೊಡಲು ಹೊರಟಿದ್ದೆವು.

ಮತ್ತು ನಾನು, ಎಗ್ಮೋರಿನಿಂದ ರಾಮೇಶ್ವರಕ್ಕೆ, ಒನ್‌ವೇ, ನನ್ನ ಟಿಕೆಟ್ಟನ್ನು ನಾನೇ ತೆಗೆಸಿಟ್ಟಿದ್ದೆ!

ತಕ್ಷಣ ಪಕ್ಷ ಬದಲಾಯಿಸಿದೆ. ಅತ್ತೈಯೂ ಮನುಷ್ಯಳೇ ಅಲ್ಲವೇ ಸಿಸ್, ವಯಸ್ಸಾದವರಿಗೆ ಗಾಳಿ ಬೆಳಕು ಬೇಕಲ್ಲವೇ, ಎಣ್ಣೆ ನಿಜವಾಗಿಯೂ ಹಳತಾಗಿದ್ದರೆ ಪಾಪ ಅವಳದೇನು ತಪ್ಪು, ಎಂದು ಉದ್ದಕ್ಕೆ ಬರೆದೆ. ನನ್ನ ಅಭಿಮಾನಿಗಳು ನನ್ನ ಮೇಲೆಯೇ ಮುಗಿಬಿದ್ದರು. ರೋಜಾಪ್ಪೂ ಸಿಸ್, ನೀವು ಯಾವ ಪಾರ್ಟಿ? ಅತ್ತೈ ದುಡ್ಡು ಕೊಟ್ಟಳಾ? ಒದ್ದೆ ಗಾಳಿ ಒಂದು ಪ್ರಕಟಣೆ ಹಾಕಿದಳು: ರೋಜಾಪ್ಪೂ ಸಿಸ್ ಸಲಹೆಯ ಮೇರೆಗೆ, ಅತ್ತೈ ಮುಂದಿನ ಕಂತಿನಲ್ಲಿ ರಾಮೇಶ್ವರಕ್ಕೆ ಹೊರಡುತ್ತಾಳೆ.

ಅವತ್ತೇ ಊಟಕ್ಕೆ ಕೂತಾಗ ಶೈಲ ಹುಳಿ ಬಡಿಸುತ್ತಾ, "ಅಕ್ಕ, ಸಂಘದವರು ರಾಮೇಶ್ವರ ಟೂರ್ ಇಟ್ಟಿದ್ದಾರಂತೆ. ನೀವೂ ಹೋಗ್ಬಹುದಲ್ಲ?" ಎಂದಳು.

"ಹೋಗಿ ಬರ್ಲಿಕ್ಕಾ, ಬರೀ ಹೋಗ್ಲಿಕ್ಕಾ?" ಎಂದು ಕೇಳಿದೆ.

"ಎಂತ ಅಕ್ಕ, ಹೀಗೆ ಕೇಳ್ತೀರಿ?" ಎಂದ ರಾಘು. ಎದುರಿಗೆ ಕೂತ ಸಿಂಧುವನ್ನು ನೋಡಿದೆ. ಅವಳು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ಅವಳ ಮುಖದಲ್ಲಿ ಏನಾದರೂ ಓದಲು ಸಿಕ್ಕರೆ ಸಾಕಿತ್ತು ನನಗೆ. ಏನೂ ಸಿಗಲಿಲ್ಲ.

ರಾಮೇಶ್ವರದ ಕಂತು ಬಂದೇ ಬಂತು. ಅತ್ತೈ ತನ್ನ ಸೀರೆಗಳನ್ನು ತಾನೇ ಮಡಚಿ ಪೆಟ್ಟಿಗೆಗೆ ತುಂಬಿದಳು. ಹೊರಡುವ ಮೊದಲು ಕಿಟಕಿಯ ಧೂಳು ಒರೆಸಿದಳು. ನಾಯಕಿ ಪೆಟ್ಟಿಗೆ ಹೊತ್ತುಕೊಂಡು ಎಗ್ಮೋರಿಗೆ ಬಂದಳು. ರೈಲು ಬಂತು. 'ಅತ್ತೈ ರೈಲಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ಹಿಂದಿನಿಂದ ನಾಯಕಿ' ಎನ್ನುವಷ್ಟರಲ್ಲಿ ಕಂತು ಮುಗಿಯಿತು.

ಹಿಂದಿನಿಂದ ನಾಯಕಿ ಏನು ಮಾಡಿದಳು? ಕರೆದಳಾ, ದೂಡಿದಳಾ? ಅಯ್ಯೋ, ಮತ್ತೆ ಅದೇ ಗೋಳು. ಅಪ್ಪನ ಕೌಂಟರಿನ ಕೆಳಗೆ ಕೂ‌ತ ಹಾಗೆಯೇ ಆಯಿತು. ವ್ಯತ್ಯಾಸವೆಂದರೆ ಆಗ ಮುಂದಿನ ಪುಟ ವಡೆ ಸುತ್ತಿಕೊಂಡು ಅಯನಾವರಕ್ಕೆ ಹೋಗುತ್ತಿತ್ತು. ಈಗ ಮುಂದಿನ ಪುಟ ನನ್ನ ಮನೆಯಲ್ಲೇ, ಪಕ್ಕದ ರೂಮಿನಲ್ಲೇ ಇದೆ. ದಿನಾ ನನ್ನ ಎದುರಿಗೆ ಕೂತು ಮೊಸರನ್ನ ತಿನ್ನುತ್ತದೆ. ನಾನು ಕೇಳುವ ಹಾಗಿಲ್ಲ. ಏನೆಂದು ಕೇಳಲಿ? ನಾನು ಈ ಮನೆಯಲ್ಲಿ ನಿನಗೆ ಬೇಕಾ ಬೇಡವಾ ಮಗಳೇ, ಎಂದೇ?

ಮರುದಿನ ಭಾನುವಾರ. ಬೆಳಿಗ್ಗೆ ಎದ್ದು ಈಸಿಚೇರನ್ನು ಕಿಟಕಿಯ ಹತ್ತಿರದಿಂದ ಎಳೆದು ಗೋಡೆಯ ಬದಿಗೆ ಹಾಕಿದೆ. ಅದರ ಜಾಗದಲ್ಲಿ ಒಂದು ಒಳ್ಳೆಯ ಕುರ್ಚಿ ಇಟ್ಟು, ಮೇಲೆ ದಿಂಬು ಇಟ್ಟೆ. ಕಿಟಕಿಯ ಧೂಳು ಒರೆಸಿದೆ. ಇದು ತ್ಯಾಗ ಎಂದು ಯಾರೂ ಕಣ್ಣೀರು ಹಾಕುವುದು ಬೇಡ, ಶುದ್ಧ ಲಂಚ. ಮತ್ತೆ ಸಂಘದ ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡು ಗೋಡೆಯ ಬದಿಗೆ ಕೂತೆ. ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದೇನೆಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಸರಿ ಮಾಡಿದರೂ ಅದರಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ.

ಸಿಂಧು ಬಾಗಿಲಲ್ಲಿ ಬಂದು ನಿಂತಳು. ಕುರ್ಚಿ ನೋಡಿದಳು, ದಿಂಬು ನೋಡಿದಳು, ನನ್ನನ್ನು ನೋಡಿದಳು.

"ಅತ್ತೆ, ಇದೆಂತ?" ಎಂದಳು. ಕನ್ನಡದಲ್ಲಿ!

"ಎಂತದೂ ಇಲ್ಲ. ನನಗೆ ಗಾಳಿ ಜಾಸ್ತಿ ಆಗ್ತದೆ ಅಲ್ಲಿ. ನೀನು ಕೂತ್ಕೋ."

"ಸುಂಕ?"

"ಬೇಡ ಮಾರಾಯ್ತಿ. ಭಾನುವಾರ ರಜೆ."

ಅವಳು ಬಂದು ಕೂತಳು. ಎಷ್ಟೋ ದಿನದ ಮೇಲೆ ಆ ಟಪಟಪ ಸದ್ದು ನನ್ನ ರೂಮಿನಲ್ಲಿ ಕೇಳಿತು. ಕೆಳಗೆ ಹೋಟೆಲಿನಲ್ಲಿ ಯಾರೋ ಗಟ್ಟಿಯಾಗಿ ಎರಡು ಕಾಫಿ ಹೇಳುತ್ತಿದ್ದರು. ನನ್ನ ಕತ್ತು ಚಾಚಬೇಕೆಂದು ಹಟ ಮಾಡುತ್ತಿತ್ತು, ಹಿಡಿದು ಕೂರಿಸಿದೆ. ಟಪಟಪ ನಿಂತಿತು. ನನ್ನ ಮಡಿಲಲ್ಲಿದ್ದ ಮೊಬೈಲು ಟಿಂಗ್ ಎಂದಿತು.

ರಾಮೇಶ್ವರಕ್ಕೆ ಒನ್‌ವೇ ಎಂದು ರೋಜಾಪ್ಪೂ ಬರೆದಿದ್ದ ಕಮೆಂಟಿಗೆ ಒದ್ದೆ ಗಾಳಿ ಉತ್ತರ ಕೊಟ್ಟಿದ್ದಳು. ಅಷ್ಟೂ ತಮಿಳಿನ ನಡುವೆ ಆ ಒಂದು ಉತ್ತರ ಮಾತ್ರ ಕನ್ನಡ ಅಕ್ಷರದಲ್ಲಿತ್ತು. ಕನ್ನಡಕ ಸರಿಮಾಡಿಕೊಂಡು ಓದಿದೆ.

"ಟಿಕೆಟ್ ಕ್ಯಾನ್ಸಲ್ ಅತ್ತೆ. ನಾನೂ ಒಂದು ಕಚ್ಚಿದ್ದೆ. ಎಣ್ಣೆ ನಿನ್ನೆದಲ್ಲ, ಮೊನ್ನೆದು."